ಮೂಡಲಿಗೆ ಯಾರ ಗದ್ದೆ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಶನಿವಾರಸಂತೆ ಕಡೆಯ ನಮ್ಮ ಗದ್ದೆಗಳಿಗೆ ಅಂಟಿಕೊಂಡೇ ಇಂಗ್ಲಿಷ್ ವಿಧವೆಯೊಬ್ಬರ ಕಾಫಿ ಎಸ್ಟೇಟ್ ಇತ್ತು. ಅದನ್ನು ಮಾರಿ ತಮ್ಮ ದೇಶಕ್ಕೆ ಹೊರಟಿದ್ದ ಆ ದೊರೆಸಾನಿ, ಮಧ್ಯಾಹ್ನದ ಹೊತ್ತು ಬಂದು ಒಂದಿಷ್ಟು ಕಾಗದ ನಕಲು ಮಾಡಿಕೊಡುವೆಯಾ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ನನಗೆ ಚೀಟಿ ಕಳಿಸಿದರು. ಸಂಧಿವಾತದಿಂದ ಅವರ ಬೆರಳು ಸೊಟ್ಟಗಾಗಿದ್ದವು. ನನ್ನದು ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ಅಕ್ಷರ.

ನನ್ನ ಗಂಡನ ತಂದೆ, ಇಂಗ್ಲಿಷ್ ಬಾರದ ಮಾವ, ಆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಊರು ಬಿಟ್ಟು ಹೊಂಟೋಳಿಗೆ ಇದೆಂಥ ಬರವಣಿಗೆ? ಹೋಗು. ಏನ್ ಬರೆಸ್ತಾಳೆ ಅಂತ ನೋಡ್ಕೊಂಡ್ ಬಾ."

ಬರೆಸುತ್ತಿದ್ದುದು ನೂರಾರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಒಬ್ಬ ಸಿರಿವಂತ ಮನೆತನದ ಹೆಂಗಸಿನ ವಿಷಯ. ಆಕೆ ತಮ್ಮ ವಂಶದ ಮೂಲದವಳು ಎಂದು ದೊರೆಸಾನಿಯ ನಂಬಿಕೆ. ಆಕೆ ಯಾರ ಮಗಳು, ಯಾವ ನೆಲ ಆಕೆಯದು ಎಂಬುದನ್ನು ಅಲ್ಲಿದ್ದ ಸೋದರಸಂಬಂಧಿ ಹಳೆಯ ದಾಖಲೆಗಳಲ್ಲಿ ಹುಡುಕಿ, ಸಿಕ್ಕಿದ್ದನ್ನೆಲ್ಲ ಅಂಚೆಯಲ್ಲಿ ಕಳಿಸುತ್ತಿದ್ದರು. ನನಗೆ ನಂಬಿಕೆ ಬರಲಿಲ್ಲ. ಇರುವ ತೋಟವನ್ನೇ ಮಾರುವವರು ಸತ್ತ ಮುತ್ತಜ್ಜಿಯ ಹೊಲ ಯಾಕೆ ಹುಡುಕಬೇಕು? ಅದೂ ಅಲ್ಲದೆ, ನಾನು ಒಳಗೆ ಕಾಲಿಟ್ಟಾಗಲೆಲ್ಲ ಅವರು ಮೇಜಿನ ಮೇಲಿನ ಒಂದು ನಕ್ಷೆಯನ್ನು ಮಡಚಿ ಟೀ ತಟ್ಟೆಯ ಕೆಳಗೆ ಸರಿಸುತ್ತಿದ್ದರು. ಅದರ ಅಂಚಿನಲ್ಲಿ ನಮ್ಮ ತೊರೆಯ ತಿರುವು ಕಾಣಿಸುತ್ತಿತ್ತು.

ಒಂದು ದಿನ ಕೇಳಿದರು, "ನಿನ್ನ ಅತ್ತೆಗೆ ತಾಯಿಯ ಕಡೆಯಿಂದ ಏನಾದರೂ ನೆಲ ಬಂದಿದೆಯೇ?" ಗೊತ್ತಿಲ್ಲ ಎಂದೆ. ಗೊತ್ತಿತ್ತು. ತೊರೆಯ ಆಚೆಯ ಗದ್ದೆಯನ್ನು ಅತ್ತೆಯ ತಾಯಿ ಮಗಳ ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದರು. ಬಾಯಿಮಾತೇ ಹೊರತು ಪತ್ರವಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಮಾವ ತಲೆ ಆಡಿಸಿದರು. "ನಾ ಹೇಳ್ಲಿಲ್ವಾ? ತೊರೆ ಗದ್ದೆ ಮೇಲೆ ಕಣ್ಣು ಅವ್ಳಿಗೆ. ಇನ್ನೊಂದ್ಸಲ ಕೇಳಿದ್ರೆ ಅದು ನಂದು ಅಂದ್ಬುಡು. ಹೆಂಗ್ಸಿನ್ ಗದ್ದೆ ಅಂದ್ರೆ ಹೊಡ್ಕೊಳ್ಳೋದು ಸಲೀಸು."

ಅಕ್ಕಿ ಆರಿಸುತ್ತಿದ್ದ ಅತ್ತೆಯ ಕೈ ಮೊರದಲ್ಲಿ ಒಂದು ಗಳಿಗೆ ನಿಂತು ಮತ್ತೆ ಆಡಿತು.

ವಾರದ ಮೇಲೆ ಇಂಗ್ಲೆಂಡಿನಿಂದ ದಪ್ಪ ಲಕೋಟೆ ಬಂತು. ದೊರೆಸಾನಿಯ ಮುಖ ಅರಳಿತ್ತು. ಆ ಹೆಂಗಸಿನ ಮನೆಯ ಪತ್ರಗಳಲ್ಲೆಲ್ಲ ಗಂಡನದೇ ಹೆಸರು. ಆದರೆ ಪಕ್ಕದ ಹೊಲದವನು ಬರೆಸಿದ್ದ ಪತ್ರದಲ್ಲಿ, ನಾಲ್ಕು ದಿಕ್ಕಿಗೆ ಯಾರ್ಯಾರ ನೆಲ ಎಂದು ಹೇಳುವ ಚೆಕ್ಕುಬಂದಿಯಲ್ಲಿ ಆಕೆ ಸಿಕ್ಕಿದ್ದಳು: ಮೂಡಲಿಗೆ, ಇಂಥವಳು ತಾಯಿಯಿಂದ ಪಡೆದ ಹುಲ್ಲುಗಾವಲು. ತಾಯಿಯ ಹೆಸರೂ ಇತ್ತು.

"ನೆರೆಯವನು ತನ್ನ ಗಡಿ ಬರೆಸದಿದ್ದರೆ ಇವಳಿಗೆ ಅಂಗೈಯಗಲ ನೆಲವಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ," ಎಂದರು. ಆಮೇಲೆ ತಟ್ಟೆಯ ಕೆಳಗಿನ ನಕ್ಷೆಯನ್ನು ಎಳೆದು ಬಿಡಿಸಿದರು. "ನನ್ನ ಕ್ರಯಪತ್ರಕ್ಕೂ ಚೆಕ್ಕುಬಂದಿ ಬೇಕು. ಮೂಡಲಿಗೆ ಯಾರ ಗದ್ದೆ?"

"ನಮ್ಮ ಮಾವನದು," ಎಂದೆ.

ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಹಾಗಾದರೆ ಹಾಗೇ ಬರೆ." ಕರಡಿನಲ್ಲಿ ನನ್ನ ದುಂಡಗಿನ ಅಕ್ಷರದಲ್ಲೇ ಮಾವನ ಹೆಸರು ಬರೆದೆ.

ಮನೆ ಮುಟ್ಟಿದಾಗ ಮಾವ ಜಗಲಿಯಲ್ಲಿ ಕಾಯುತ್ತಿದ್ದರು. "ಯಾರ್ ಹೆಸ್ರು ಬರೆಸ್ಕಂಡ್ಳು?"

ಹೆಸರು ಬರೆಯುವ ಮಾತನ್ನು ನಾನು ಮನೆಯಲ್ಲಿ ಎತ್ತಿಯೇ ಇರಲಿಲ್ಲ. ನನಗೇ ಆವತ್ತು ಗೊತ್ತಾದದ್ದು. ರೈಟರ್ ಅವರಿಗೆ ಮೊದಲೇ ಹೇಳಿರಬೇಕು. "ನಿಮ್ದೇ," ಎಂದೆ. ಅವರು ಎಲೆಗೆ ಸುಣ್ಣ ಸವರಿದರು, ಬೇರೇನೂ ಕೇಳಲಿಲ್ಲ. ಎಷ್ಟೋ ದಿನದಿಂದ ದೊರೆಸಾನಿಯ ಕಡೆಗೇ ನೆಟ್ಟಿದ್ದ ನನ್ನ ಅನುಮಾನ ಆಗ ಜಗಲಿಯ ಕಡೆಗೆ ತಿರುಗಿತು. ಆ ಸುಳ್ಳಿನಿಂದ ದೊರೆಸಾನಿಗೆ ಹೋಗುವುದೂ ಇರಲಿಲ್ಲ, ಬರುವುದೂ ಇರಲಿಲ್ಲ. ಹೋಗುವುದಿದ್ದರೆ ಅತ್ತೆಗೆ. ಆಕೆಯ ಗದ್ದೆಗೆ ಕಾಗದದ ಮೇಲೆ ಇರಬಹುದಾದ ಒಂದೇ ಸಾಕ್ಷಿಯಲ್ಲಿ ನಾನೇ ಆಕೆಯ ಗಂಡನ ಹೆಸರು ಬರೆದುಬಂದಿದ್ದೆ.

ಮಾರನೆಯ ದಿನ ನಿಜ ಹೇಳಿದೆ.

"ನಿನ್ನೆ ನಾನೂ ನಂಬಿರಲಿಲ್ಲ," ಎಂದರು ದೊರೆಸಾನಿ. "ನಿನ್ನ ಅತ್ತೆ ಬೇಲಿ ಹತ್ತಿರ ನಿಂತು ತನ್ನ ಗದ್ದೆ ಅಂತ ಎಷ್ಟೋ ಸಲ ಹೇಳಿದ್ದಾಳೆ. ನೀನು ಯಾರ ಪರವಾಗಿ ಬರುತ್ತಿದ್ದೀಯ ಅನ್ನುವುದೇ ನನಗೆ ತಿಳಿಯಲಿಲ್ಲ. ಅದಕ್ಕೇ ನಕ್ಷೆ ಮುಚ್ಚಿಡುತ್ತಿದ್ದೆ." ಸೊಟ್ಟ ಬೆರಳಿನಿಂದ ಮಾವನ ಹೆಸರನ್ನು ತಾವೇ ಹೊಡೆದುಹಾಕಿ, ಅತ್ತೆಯ ಹೆಸರನ್ನೂ ಆಕೆಯ ತಾಯಿಯ ಹೆಸರನ್ನೂ ನನ್ನ ಕೈಲಿ ಬರೆಸಿದರು. ಪತ್ರ ಹಾಗೆಯೇ ರಿಜಿಸ್ಟರ್ ಆಯಿತು.

ರೈಟರಿಂದ ಸುದ್ದಿ ತಿಳಿದ ಮಾವ ಬಹಳ ದಿನ ನನ್ನ ಕೈಯ ಕಾಫಿ ಮುಟ್ಟಲಿಲ್ಲ. "ಓದಿದ್ ಸೊಸೆ ತಂದ್ರೆ ಅಡಿಗೆ ಮನೇಲೇ ವಕೀಲ್ರು ಇದ್ದಂಗೆ," ಎಂದು ಬಂದವರ ಮುಂದೆಲ್ಲ ಹೇಳಿದರು.

ಅತ್ತೆಗೆ ಸಂತೋಷವಾಗುತ್ತದೆಂದು ಒಲೆಯ ಮುಂದೆ ಕುಳಿತು ಎಲ್ಲ ಹೇಳಿದೆ. ಅವರು ಬೆಂಕಿ ಸರಿಮಾಡುತ್ತ ಕೇಳಿಸಿಕೊಂಡರು.

"ನಿಂಗ್ಯಾಕವ್ವ ಬೇಕಿತ್ತು ಇದೆಲ್ಲ?"

"ನಿಮ್ದು ನಿಮ್ಗೇ ಇರ್ಲಿ ಅಂತ, ಅತ್ತೆ."

"ನಂಗೋ? ಇಲ್ಲಾ ನಾ ಹೋದ್ಮೇಲೆ ನಿಂಗೋ?"

ತಾಯಿಯಿಂದ ಮಗಳಿಗೆ ಬಂದದ್ದು ಮುಂದೆ ಸೊಸೆಗೂ ಬರಬಹುದಲ್ಲ ಎಂಬ ಯೋಚನೆ, ಆ ಎರಡು ಹೆಸರು ಬರೆಯುವಾಗ ನನ್ನೊಳಗೆ ಒಮ್ಮೆ ಸುಳಿದುಹೋಗಿತ್ತು. ಅತ್ತೆ ನನ್ನ ಮುಖ ನೋಡಿ ಒಲೆಯ ಕಡೆಗೆ ತಿರುಗಿಕೊಂಡರು.

ಕೊಯ್ಲು ಮುಗಿದ ಮೇಲೆ ಅವರು ಮದುವೆಯಾಗಿ ಹೋಗಿದ್ದ ತಮ್ಮ ಮಗಳನ್ನು, ನನ್ನ ನಾದಿನಿಯನ್ನು, ಕರೆಸಿಕೊಂಡು ಬಸ್ಸಿನಲ್ಲಿ ಸೋಮವಾರಪೇಟೆಗೆ ಹೋದರು. ದೊರೆಸಾನಿಯ ಪತ್ರದ ನಕಲು ತೆಗೆಸಿ, ಅದರ ಚೆಕ್ಕುಬಂದಿ ತೋರಿಸಿ, ತೊರೆ ಗದ್ದೆಯನ್ನು ಮಗಳ ಹೆಸರಿಗೆ ಮಾಡಿದರು. ಬರೆಯಲು ನನ್ನನ್ನು ಕರೆಯಲಿಲ್ಲ, ಪೇಟೆಯ ಪತ್ರ ಬರಹಗಾರನ ಕೈಲಿ ಬರೆಸಿದರು. ಸಂಜೆ ಮನೆಗೆ ಬಂದು ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡರು. ಮಾವನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ.