ಹಾಡಿನ ನಡುವೆ ಹೊದಿಸಿದ ಶಾಲು

ಕಳೆದ ಶನಿವಾರ ಸಂಜೆ ಶಿಡ್ಲಘಟ್ಟದ ಒಂದು ಕಲ್ಯಾಣ ಮಂಟಪದಲ್ಲಿ, ತುಂಬಿದ ಸಭೆಯ ಎದುರಿಗೆ, ಒಬ್ಬ ಮನುಷ್ಯನ ತಲೆಗೆ ಮೈಸೂರು ಪೇಟ ತೊಡಿಸಿ, ಹೆಗಲಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಅವನ ಸಂಗೀತವನ್ನು ಅರ್ಧಕ್ಕೆ ನಿಲ್ಲಿಸಿ ಬಂದೆ.

ಜಗಳ ತೆಗೆದು ನಿಲ್ಲಿಸಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನಾನು ಗೌರವ ಮಾಡಿ ನಿಲ್ಲಿಸಿದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅವನ ಹೆಸರು ನಂಜುಂಡ. ಚಿಂತಾಮಣಿಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಹಾಸ್ಟೆಲ್ಲೊಂದರಲ್ಲಿ ಓದುತ್ತಿದ್ದಾಗ ಯಾರೋ ಲಂಡನ್ನಿನಿಂದ ತಂದ ಕ್ಯಾಸೆಟ್ಟುಗಳು ಅವನ ಕಿವಿಗೆ ಬಿದ್ದವು. ಪಂಕ್ ಸಂಗೀತ. ಅದೇನು ಸ್ವಾಮಿ ಎನ್ನುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ: ಗಿಟಾರು ಸರಿಯಾಗಿ ಬಾರದಿದ್ದರೂ ಪರವಾಗಿಲ್ಲ, ಸಿಟ್ಟು ಸರಿಯಾಗಿ ಬರಬೇಕು. ಎರಡೇ ನಿಮಿಷದ ಹಾಡು. ಕಿರುಚಾಟ. ಮುಗಿಯಿತು.

ನಮ್ಮ ಕಡೆಯ ಹುಡುಗರಿಗೆ ಸಿಟ್ಟಿಗೇನು ಬರ? ಊರಿಗೆ ವಾಪಸು ಬಂದ ನಂಜುಂಡ ಇನ್ನಿಬ್ಬರು ಗೆಳೆಯರನ್ನು ಸೇರಿಸಿಕೊಂಡು ಬ್ಯಾಂಡು ಕಟ್ಟಿದ. ಹೆಸರು 'ಕಿತ್ತೋದ್ ಚಪ್ಲಿ'. (ಅವನ ಅಪ್ಪ ಆ ಹೆಸರು ಕೇಳಿ ಕಿತ್ತುಹೋಗದ ಚಪ್ಪಲಿ ಹುಡುಕಿದರಂತೆ.) ಅವರ ಅತಿ ಪ್ರಸಿದ್ಧ ಹಾಡಿನಲ್ಲಿ ಇದ್ದದ್ದು ಒಂದೇ ವಿಷಯ. "ಬಸ್ಸು ಬರ್ಲಿಲ್ಲ, ಬಸ್ಸು ರಾಲೇದು." ಮೊದಲು ಕನ್ನಡದಲ್ಲಿ ಬರುವುದಿಲ್ಲ, ಆಮೇಲೆ ತೆಲುಗಿನಲ್ಲಿ ಬರುವುದಿಲ್ಲ. ಮತ್ತೆ ಕನ್ನಡದಲ್ಲಿ. ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಕಾದು ಕಾದು ಕಾಲು ಊದಿಸಿಕೊಂಡ ಒಂದಿಡೀ ತಲೆಮಾರಿಗೆ ಅದಕ್ಕಿಂತ ನಿಜವಾದ ಹಾಡು ಬೇಕಿರಲಿಲ್ಲ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಕಾಲೇಜ್ ಡೇ, ಎಲ್ಲಿ ಹೋದರೂ ಬಸ್ಸು ಬರಲಿಲ್ಲ, ಜನ ಕುಣಿದರು.

ಈಗೊಂದೆರಡು ವರ್ಷದಿಂದ ನಂಜುಂಡ ಆ ಹಾಡು ನಿಲ್ಲಿಸಿಬಿಟ್ಟಿದ್ದ. ಕಿರುಚುವುದನ್ನೇ ಬಿಟ್ಟಿದ್ದ. ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ತಂತಿಯನ್ನು ಬೆರಳ ತುದಿಯಿಂದ ಸುಮ್ಮನೆ ಮುಟ್ಟುವುದು, ಗ್ರೈಂಡರಿನ ಗುಂಯ್ ಸದ್ದನ್ನು ಟೇಪು ಮಾಡಿ ಅದರ ಜೊತೆ ಡೋಲು ಬಾರಿಸುವುದು, ಹೀಗೆ ಏನೇನೋ. ಜನ ಅವನಿಗೆ ತಲೆ ಕೆಟ್ಟಿದೆ ಎಂದರು.

ನಾನು ಹಾಗೆನ್ನಲಿಲ್ಲ. ನಾನು ಬುದ್ಧಿವಂತ. ಹೋದ ತಿಂಗಳು ಇದೇ ಅಂಕಣದಲ್ಲಿ ಬರೆದಿದ್ದೆ, ನಿಮಗೆ ನೆನಪಿರಬಹುದು (ಮರೆತಿದ್ದರೆ ಒಳ್ಳೆಯದೇ). ಅಲ್ಲಿ ಲಂಡನ್ನಿನಲ್ಲೂ ಕಿರುಚಿಕೊಂಡು ಶುರುವಾದ ಕೆಲವು ಬ್ಯಾಂಡುಗಳು ಆಮೇಲೆ ದಾರಿ ಬದಲಿಸಿದವು, ಉದ್ದುದ್ದ ರಾಗ, ಯಂತ್ರದ ಸದ್ದು, ನಡುವೆ ಮೌನ ಎಂದೆಲ್ಲ ಪ್ರಯೋಗ ಮಾಡಿದವು, ಹಳೆಯ ಅಭಿಮಾನಿಗಳು ಮುನಿಸಿಕೊಂಡರು, ಆದರೆ ಬದಲಾಗುವುದೇ ಬದುಕಿರುವ ಕಲಾವಿದನ ಲಕ್ಷಣ, ನಮ್ಮ 'ಕಿತ್ತೋದ್ ಚಪ್ಲಿ'ಯೂ ಅದೇ ದಾರಿ ತುಳಿದಿದೆ, ನಾವು ಕಿವಿ ತೆರೆದು ಕೂರೋಣ. ಹೀಗೆ. ಎಷ್ಟು ಚೆನ್ನಾಗಿ ಬರೆದಿದ್ದೆ ಎಂದರೆ ನಾನೇ ಮೂರು ಸಲ ಓದಿಕೊಂಡೆ.

ಆ ಪೇಪರು ಹಿಡಿದುಕೊಂಡು ನಂಜುಂಡ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದ.

"ಈ ಸೀಮೇಲಿ ಒಬ್ರಿಗಾದ್ರೂ ಅರ್ಥ ಆಯ್ತಲ್ಲ ಮೇಷ್ಟ್ರೇ, ಸಾಕು" ಎಂದ. ಶಿಡ್ಲಘಟ್ಟದ ಒಂದು ಹೊಸ ಸಂಘದವರು ಕಾರ್ಯಕ್ರಮಕ್ಕೆ ಕರೆದಿದ್ದಾರೆ, ಹೊಸದನ್ನು ಮಾತ್ರ ನುಡಿಸುತ್ತೇನೆ ಎಂದು ಕರಾರು ಹಾಕಿ ಒಪ್ಪಿಕೊಂಡಿದ್ದೇನೆ, ನೀವೇ ಮುಖ್ಯ ಅತಿಥಿ ಆಗಬೇಕು ಎಂದ. (ಜಿಲ್ಲೆ ಹೊಸದಾಗಿ ಆಗಿದೆ. ಸಂಘಗಳು ಅದಕ್ಕಿಂತ ಹೊಸವು. ಎಲ್ಲಕ್ಕೂ ಅತಿಥಿಗಳು ಬೇಕು.)

"ನಮ್ಮೋರ ಮುಂದೆ ಒಂದ್ಸಲ ಪೂರ್ತಿ ನುಡಿಸ್ಬೇಕು ಮೇಷ್ಟ್ರೇ. ಜೊತೇಲಿರೋರು ಇಬ್ರೂ ಆಗ್ಲೇ ಗೊಣಗ್ತಾವ್ರೆ. ಇದು ಜನಕ್ಕೆ ಹಿಡಿಸಿದ್ರೆ ಮುಂದಕ್ಕೆ ಹೋಗಣ, ಇಲ್ದಿದ್ರೆ ವಾಪಸ್ ಹಳೇ ಬಸ್ಸು ಹತ್ತಣ ಅಂತಾವ್ರೆ. ಒಂದ್ಸಲ. ಪೂರ್ತಿ. ಅಷ್ಟೇ."

ಆಗಲಪ್ಪ, ನಾನಿದ್ದೇನೆ ಎಂದೆ.

ನಾನಿದ್ದೇನೆ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅವನು ಹೊಸದಾಗಿ ಕಟ್ಟಿದ ಸಂಗೀತ ರೇಷ್ಮೆ ಹುಳುವಿನದು. ಅದಕ್ಕೆ ಬೇಕಾದ ಸದ್ದು ಟೇಪು ಮಾಡಿಕೊಂಡದ್ದು ಜಂಗಮಕೋಟೆಯಲ್ಲಿರುವ ನಮ್ಮ ಅಕ್ಕನ ಹುಳುಮನೆಯಲ್ಲಿ. ಕರೆದುಕೊಂಡು ಹೋದವನು ನಾನೇ. ನಮ್ಮಕ್ಕ ಹುಳುಮನೆಯೊಳಗೆ ಸುಮ್ಮನೆ ಯಾರನ್ನೂ ಬಿಡುವವಳಲ್ಲ. ಕಾಲು ತೊಳೆಯಬೇಕು, ಸೆಂಟು ಹಾಕಿರಬಾರದು, ಬೀಡಿ ಸೇದಿ ಬಂದಿರಬಾರದು, ಬಾಯಿ ಮುಚ್ಚಿಕೊಂಡಿರಬೇಕು. ನಂಜುಂಡ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಮಾತಿಲ್ಲದೆ ಕೇಳುತ್ತಿದ್ದುದನ್ನು ನೋಡಿ ಅವಳಿಗೆ ಹಿಡಿಸಿತು. ಇಡೀ ಒಂದು ಬೆಳೆ ಮುಗಿಯುವ ತನಕ ಅವನು ಮೈಕು ಹಿಡಿದು ಬಂದು ಹೋಗಿ ಮಾಡಿದ. ದೊಡ್ಡ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ಬರುತ್ತದಲ್ಲ, ಸೋನೆ ಮಳೆ ಹಿಡಿದ ಹಾಗೆ ಒಂದು ಸದ್ದು, ಅದು ಅವನ ಟೇಪಿನಲ್ಲಿತ್ತು.

ಸರಿ, ಶನಿವಾರ ಬಂತು. ನಾನು ಮುಂದಿನ ಸೋಫಾದಲ್ಲಿ. ನನ್ನ ಎಡಕ್ಕೆ ಸಂಘದ ಅಧ್ಯಕ್ಷರು, ಬಲಕ್ಕೆ ನಮ್ಮಕ್ಕ. ಅಕ್ಕ ಹೊಸ ಸೀರೆ ಉಟ್ಟು, ತನ್ನ ಹುಳುಗಳ ಹಾಡು ಕೇಳಲು ಮದುವೆಗೆ ಬಂದ ಹಾಗೆ ಬಂದಿದ್ದಳು. ಹಿಂದಿನ ಸಾಲುಗಳಲ್ಲಿ ದಿಬ್ಬೂರಹಳ್ಳಿ ಕಡೆಯ ರೈತರು, ನೂಲು ಬಿಚ್ಚುವವರು, ಕಾಲೇಜು ಹುಡುಗರು.

ಸಂಗೀತ ಶುರುವಾಯಿತು. ಮೊದಲು ಎಷ್ಟು ಸಣ್ಣ ಸದ್ದೆಂದರೆ ಫ್ಯಾನಿನ ಸದ್ದೇ ಜಾಸ್ತಿ. ಆಮೇಲೆ ತಂತಿ ಅಲ್ಲೊಮ್ಮೆ ಇಲ್ಲೊಮ್ಮೆ ಮಿಡಿಯಿತು. ಸ್ವಲ್ಪ ಹೊತ್ತಿಗೆ ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಯಾರೂ ತಟ್ಟಲಿಲ್ಲ. ಮತ್ತೆ ಶುರುವಾಯಿತು, ಈ ಸಲ ಇನ್ನಷ್ಟು ತುಂಬಿಕೊಂಡು. ಮತ್ತೆ ನಿಂತಿತು. ಮತ್ತೆ ನನ್ನ ಚಪ್ಪಾಳೆ. ಮೂರನೆಯ ಸಲವಂತೂ ಹಿಂದೆ ತಿರುಗಿ, ಕೈ ಕಟ್ಟಿ ಕೂತಿದ್ದ ಜನರನ್ನು ಸ್ವಲ್ಪ ಬೇಸರದಿಂದಲೇ ನೋಡಿದೆ. ಕಲಾವಿದನಿಗೆ ಒಂದು ಪ್ರೋತ್ಸಾಹ ಬೇಡವೇ?

ನಿಜ ಹೇಳುತ್ತೇನೆ. ನಾನು ಕೇಳುತ್ತಿರಲಿಲ್ಲ. ಆಮೇಲೆ ಮಾಡಬೇಕಾದ ಭಾಷಣ ಜೋಡಿಸುತ್ತಿದ್ದೆ. ಲಂಡನ್ನಿನಿಂದ ಶುರು ಮಾಡಲೋ, ಚಿಂತಾಮಣಿ ಬಸ್‌ಸ್ಟ್ಯಾಂಡಿನಿಂದ ಶುರು ಮಾಡಲೋ?

ನಾಲ್ಕನೆಯ ಸಲ ನಿಂತದ್ದು ನಿಂತೇ ಹೋಯಿತು. ವೇದಿಕೆಯ ಮೇಲೆ ಮೂವರೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಸ್ವಲ್ಪ ಮೇಲೆತ್ತಿ, ಅಲುಗಾಡದೆ ಕೂತರು. ಸಭೆಯಲ್ಲಿ ಒಂದು ಕೆಮ್ಮಿಲ್ಲ. ನನಗೆ ಕಸಿವಿಸಿಯಾಯಿತು. ಪಾಪ, ಜನಕ್ಕೆ ಅರ್ಥವಾಗಿಲ್ಲ, ಮುಗಿಯಿತೆಂದು ಕೂಡ ತಿಳಿಯುತ್ತಿಲ್ಲ, ಅವನಿಗೆ ಅವಮಾನವಾಗುತ್ತಿದೆ ಎಂದುಕೊಂಡೆ.

ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಂದರು. "ಅಯಿಪೋಯಿಂದಿ ಸಾರ್, ಮುಗೀತು. ಸನ್ಮಾನ ಮಾಡ್ಬಿಡಣ್ವಾ?"

ಅಕ್ಕ ನನ್ನ ಅಂಗಿಯ ತೋಳು ಹಿಡಿದು ಜಗ್ಗಿದಳು. ಹುಷಾರಾಗಿ ಮೆಟ್ಟಿಲು ಹತ್ತು ಎನ್ನುತ್ತಿದ್ದಾಳೆ ಎಂದುಕೊಂಡು ತಲೆಯಾಡಿಸಿ ಎದ್ದೆ.

ಹತ್ತಿ ಹೋಗಿ ಪೇಟ ಇಟ್ಟೆ. ನಂಜುಂಡ ತಲೆಯೆತ್ತಿ ನನ್ನನ್ನು ನೋಡಿದ. ಒಂದು ಕ್ಷಣ ಅವನ ಬಾಯಿ ತೆರೆಯಿತು. ಭಾವುಕನಾಗಿದ್ದಾನೆ ಎಂದುಕೊಂಡೆ. ಶಾಲು ಬಂತು, ಹಾರ ಬಂತು, ಬುಟ್ಟಿ ಬಂತು. ಫೋಟೋದವನು ಈ ಕಡೆ ನೋಡಿ ಸಾರ್ ಎಂದ. ಆಮೇಲೆ ಮೈಕು ನನ್ನ ಕೈಗೆ. ಲಂಡನ್ನಿನಿಂದಲೇ ಶುರು ಮಾಡಿದೆ. ಹೊಸದನ್ನು ಸ್ವೀಕರಿಸುವ ದೊಡ್ಡ ಮನಸ್ಸು ನಮಗೆ ಬರಬೇಕು ಎಂದೆ. ಕಾಲೇಜು ಹುಡುಗರು ಆಕಳಿಸುವುದು ಕಂಡಿತು. ಸಭೆ ಕೈಬಿಟ್ಟು ಹೋಗುತ್ತಿದೆ ಅನ್ನಿಸಿತು. ಸಭೆ ಕೈಬಿಟ್ಟಾಗ ಭಾಷಣಕಾರ ಏನು ಮಾಡುತ್ತಾನೆ? ಸುಲಭದ್ದನ್ನು ಮಾಡುತ್ತಾನೆ.

"ಈಗ ನಮ್ಮ ನಂಜುಂಡ, ನಮಗೆಲ್ಲರಿಗೋಸ್ಕರ, ಆ ಹಳೇ ಬಸ್ಸನ್ನ ಒಂದೇ ಒಂದ್ಸಲ ತರ್ಬೇಕು" ಎಂದೆ.

ಹಿಂದಿನಿಂದ ಶಿಳ್ಳೆ ಬಿತ್ತು. ನಂಜುಂಡ ತನ್ನ ಜೊತೆಯವರನ್ನು ನೋಡಿದ. ಅವರಲ್ಲೊಬ್ಬ ಆಗಲೇ ಡೋಲಿಗೆ ಕೈ ಹಾಕಿದ್ದ. ಹಣ್ಣಿನ ಬುಟ್ಟಿ ಕೆಳಗಿಟ್ಟು, ಪೇಟ ತೆಗೆಯಲೂ ಇಲ್ಲ, ನಂಜುಂಡ ಎದ್ದು ನಿಂತು ಗಿಟಾರು ನೇರ ಹಿಡಿದ. ಬಸ್ಸು ಬರ್ಲಿಲ್ಲ. ಬಸ್ಸು ರಾಲೇದು. ಕಲ್ಯಾಣ ಮಂಟಪ ಕಿತ್ತುಹೋಗುವ ಹಾಗೆ ಕುಣಿದರು. ಬಿಪಿ ಮಾತ್ರೆ ನುಂಗುವ ನಾನೂ ಕುಣಿದೆ. ಅತ್ಯಂತ ಯಶಸ್ವಿ ಕಾರ್ಯಕ್ರಮ ಎಂದು ಅಧ್ಯಕ್ಷರು ನನ್ನ ಕೈ ಕುಲುಕಿದರು.

ಜಂಗಮಕೋಟೆಗೆ ಹೋಗುವ ಆಟೋದಲ್ಲಿ ಅಕ್ಕ ಮಾತಾಡಲಿಲ್ಲ. ಸುಸ್ತಾಗಿದೆಯೇನೋ ಎಂದುಕೊಂಡೆ. ಊರು ಹತ್ತಿರ ಬಂದಾಗ ಬಾಯಿ ಬಿಟ್ಟಳು.

"ಜ್ವರಕ್ಕೆ ಹೋಗಿದ್ವು ಕಣಪ್ಪ."

"ಯಾವುದು?"

"ಹುಳ. ಇನ್ಯಾವುದು? ಅವರು ತಲೆ ಎತ್ಕೊಂಡು ಕೂತಿದ್ದು ನೋಡ್ಲಿಲ್ವಾ? ಮೂರು ಜ್ವರ ಆಗಿತ್ತು. ಅದು ನಾಲ್ಕನೇದು. ಅದೆದ್ದ ಮೇಲಲ್ವಾ ದೊಡ್ಡ ಮೇವು ಇರೋದು? ಹಿಂದ್ಗಡೆ ಜನ ಎಲ್ಲ ಈಗ ಏಳುತ್ತೆ, ಈಗ ಏಳುತ್ತೆ ಅಂತ ಉಸ್ರು ಹಿಡ್ಕೊಂಡು ಕೂತಿದ್ರು. ನಿನ್ನ ತೋಳು ಹಿಡ್ದು ಎಳುದ್ನಲ್ಲೋ."

ರೇಷ್ಮೆ ಗೊತ್ತಿಲ್ಲದ ಓದುಗರಿಗೆ ಹೇಳಬೇಕು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನೇ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಅದು ಮೇಯುವುದಿಲ್ಲ, ತಲೆಯೆತ್ತಿ ಕಲ್ಲಿನ ಹಾಗೆ ನಿಲ್ಲುತ್ತದೆ. ಸೊಪ್ಪು ಹಾಕಬಾರದು, ಮುಟ್ಟಬಾರದು, ಕಾಯಬೇಕು. ನಾಲ್ಕನೆಯದು ಎದ್ದ ಮೇಲೆ ಹಗಲೂ ರಾತ್ರಿ ಮೇಯುತ್ತದೆ, ಮನೆಯೆಲ್ಲ ಆ ಮಳೆಯ ಸದ್ದು. ನಂಜುಂಡನ ಸಂಗೀತದ ಜೀವವೇ ಅಲ್ಲಿತ್ತು. ಅದಕ್ಕೋಸ್ಕರವೇ ಅಷ್ಟು ಹೊತ್ತು ಅವನು ಎಲ್ಲರನ್ನೂ ಕಾಯಿಸಿದ್ದು.

ಇದೆಲ್ಲ ನನಗೆ ಗೊತ್ತಿಲ್ಲವೇ? ಅದೇ ಹುಳುಮನೆಯ ಪಕ್ಕದ ಕೋಣೆಯಲ್ಲಿ ಹುಟ್ಟಿದವನು ನಾನು. ಆ ಸದ್ದು ಕೇಳಿಕೊಂಡೇ ನಿದ್ದೆ ಮಾಡಿದವನು. ಸಭೆಯಲ್ಲಿದ್ದ ರೈತರಿಗೆ ಪಂಕ್ ಗೊತ್ತಿರಲಿಲ್ಲ, ಪ್ರಯೋಗ ಗೊತ್ತಿರಲಿಲ್ಲ, ಆದರೂ ಅವರು ಸರಿಯಾಗಿ ಕಾದರು. ಆ ಸಂಗೀತ, ಈ ಹುಳು ಎರಡೂ ಗೊತ್ತಿದ್ದವನು ನಾನೊಬ್ಬನೇ. ಎದ್ದು ಹೋದವನೂ ನಾನೊಬ್ಬನೇ.

ನಮಗೇನಾಗಿದೆ ಹೇಳಿ? ಯಾರಾದರೂ ಒಂದು ನಿಮಿಷ ಸುಮ್ಮನಾದರೆ ಸಾಕು, ಏನೋ ಕೆಟ್ಟಿದೆ ಎಂದು ರಿಪೇರಿಗೆ ಇಳಿಯುತ್ತೇವೆ. ಮನೆಯಲ್ಲಿ ಹೆಂಡತಿ ಮಾತಿನ ನಡುವೆ ಉಸಿರು ತೆಗೆದುಕೊಂಡರೆ ನಾನು ಉತ್ತರ ಕೊಟ್ಟಿರುತ್ತೇನೆ. ಕ್ಲಾಸಿನಲ್ಲಿ ಹುಡುಗಿಯೊಬ್ಬಳು ಯೋಚಿಸಿ ಹೇಳೋಣವೆಂದು ನಿಂತರೆ ಕೂತ್ಕೊಳಮ್ಮ ಎಂದಿರುತ್ತೇನೆ. ಹೊಸತನದ ಬಗ್ಗೆ ಒಂದು ಪುಟ ಬರೆಯುವುದು ಸುಲಭ. ಅದರ ಎದುರಿಗೆ ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ಇದನ್ನು ಬರೆಯುತ್ತಿರುವಾಗಲೂ ಕಿವಿ ಬಿಸಿಯಾಗುತ್ತಿದೆ.

ಗುರುವಾರ ಚಿಂತಾಮಣಿಗೆ ಹೋದೆ. ನಂಜುಂಡ ಒಂದು ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಸ್ಟೂಲು ಎಳೆದು ಹಾಕಿದ, ಟೀ ಹೇಳಿದ.

"ತಪ್ಪಾಯ್ತಪ್ಪ ನಂಜುಂಡ" ಎಂದೆ.

"ಬಿಡಿ ಮೇಷ್ಟ್ರೇ. ನೀವೇನು ಬೇಕೂಂತ ಮಾಡಿದ್ರಾ."

"ಇನ್ನೂ ಇದೆ, ಕೂತ್ಕೊಳಿ ಅಂತ ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಪೇಟ ಹಿಡ್ಕೊಂಡು ಬಂದೋರಿಗೆ ಹೆಂಗ್ ಹೇಳ್ಲಿ? ನಿಮ್ಮಕ್ಕ ಬೇರೆ ಎದುರಿಗೆ ಕೂತಿದ್ರು. ಅಷ್ಟು ಜನದ ಮುಂದೆ ನಿಮ್ಗೆ ಅವಮಾನ ಆಗುತ್ತೆ ಅನ್ನಿಸ್ತು."

ನಾನು ಅವನನ್ನು ಅವಮಾನದಿಂದ ಪಾರು ಮಾಡಲು ಹೋಗಿದ್ದೆ. ಅವನು ತನ್ನ ಸಂಗೀತ ಬಿಟ್ಟುಕೊಟ್ಟು ನನ್ನನ್ನು ಪಾರು ಮಾಡಿದ್ದ.

ಗಣೇಶನ ಹಬ್ಬಕ್ಕೆ ಗೌರಿಬಿದನೂರಿನಿಂದ, ಚಿಕ್ಕಬಳ್ಳಾಪುರದಿಂದ ಫೋನು ಬಂದಿದೆಯಂತೆ. ಎಲ್ಲರಿಗೂ ಬಸ್ಸೇ ಬೇಕಂತೆ. ಜೊತೆಯ ಇಬ್ಬರೂ ಒಪ್ಪಿಕೊಂಡು ಆಗಿದೆ.

"ನೀನು?"

"ನಾನೊಬ್ನೇ ಏನ್ ಮಾಡ್ಲಿ ಮೇಷ್ಟ್ರೇ" ಎಂದು ಮಿಕ್ಸಿಯ ಕಡೆ ತಿರುಗಿದ.

ಗಿಟಾರು ಅಂಗಡಿಯ ಮೂಲೆಯಲ್ಲೇ ಇತ್ತು. ಉಳಿದದ್ದನ್ನು ನನಗೊಬ್ಬನಿಗಾದರೂ ಕೇಳಿಸು, ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ ಎಂದು ಬೇಡಿಕೊಂಡೆ.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ.

"ಕೇಳಿ ಏನ್ ಮಾಡ್ತೀರಾ ಮೇಷ್ಟ್ರೇ? ಬರೀತೀರಾ?"

"ಇಲ್ಲಪ್ಪ, ಬರಿಯಲ್ಲ" ಎಂದೆ.

ಅಷ್ಟು ಹೊತ್ತಿಗಾಗಲೇ ಈ ಅಂಕಣದ ಮೊದಲ ವಾಕ್ಯ ನನ್ನ ತಲೆಯಲ್ಲಿ ತಯಾರಾಗಿ ಕೂತಿತ್ತು.