ಒತ್ತಿದರೆ ಓಗೊಡದ ಕಲ್ಲು

ಆಸ್ಟ್ರೇಲಿಯಾದ ಮಲಂಬಿಂಬಿ ಎಂಬ ಊರಿನ ಶುಕ್ರವಾರದ ಸಂತೆಯಲ್ಲಿ ಗ್ಲೆನಿಸ್ ಪ್ಯಾಸ್ಕೋ ಹನ್ನೊಂದು ವರ್ಷದಿಂದ ಕರಿಕಲ್ಲಿನ ಪದಕ, ತಾಮ್ರದ ಬಳೆ ಮಾರುತ್ತಿದ್ದಳು. ಮೊಬೈಲು, ವೈ-ಫೈ, ಕರೆಂಟು ಮೀಟರು ಎಲ್ಲವೂ ಕಣ್ಣಿಗೆ ಕಾಣದ ಅಲೆ ಉಗುಳಿ ಮನುಷ್ಯರನ್ನು ಒಳಗಿಂದಲೇ ಬೇಯಿಸುತ್ತವೆ, ಕಲ್ಲು ಅದನ್ನು ಹೀರಿಕೊಳ್ಳುತ್ತದೆ ಎಂಬುದು ಅವಳ ವಾದ. ಅವಳ ಅಂಗಡಿಯೆದುರು ಫೋನು ತೆಗೆದವರಿಗೆ ಬೈಗುಳ ಪುಕ್ಕಟೆ. ಮೋಸಗಾತಿಯೇನಲ್ಲ, ಮುಕ್ಕಾಲು ಪಾಲು ತಾನೂ ನಂಬಿದ್ದಳು. ಆದರೆ ಹೇಳೋದು ಆಚಾರ, ತಿನ್ನೋದು ಬದನೆಕಾಯಿ: ವ್ಯಾನಿನ ಸೀಟಿನಡಿ ಬಿಸ್ಕತ್ತಿನ ಡಬ್ಬಿಯಲ್ಲಿ ಅವಳದೇ ಒಂದು ಮೊಬೈಲಿತ್ತು. ಪರ್ತ್‌ನಲ್ಲಿರುವ ತಂಗಿಯ ಜೊತೆ ಮಾತಾಡಬೇಡವೇ!

ಪಕ್ಕದ ಮನೆಯ ಡೋರೀನಳಿಗೆ ಎಪ್ಪತ್ತಾರು. ಒಂಟಿ ಜೀವ, ಆರು ಕೋಳಿ. ಬಿದ್ದರೆ ಒತ್ತಲಿ ಎಂದು ಡಾಕ್ಟರು ಅವಳ ಕೊರಳಿಗೆ ಗುಂಡಿಯೊಂದನ್ನು ಹಾಕಿಸಿದ್ದರು. ಒತ್ತಿದರೆ ಆಂಬುಲೆನ್ಸ್ ಬರುತ್ತಿತ್ತು.

"ತಲೆ ಸುತ್ತತ್ತೆ ಕಣೇ ಗ್ಲೆನಿಸ್," ಎಂದಳು ಒಂದು ದಿನ.

"ಸುತ್ತದೆ ಇರತ್ತಾ? ಹಗಲೂ ರಾತ್ರಿ ಟವರನ್ನೇ ಎದೆ ಮೇಲೆ ನೇತಾಕ್ಕೊಂಡಿದ್ದೀಯಲ್ಲ! ಬಿಚ್ಚಿ ಬಿಸಾಕು."

"ಬಿದ್ರೆ ಏನೇ ಮಾಡ್ಲಿ?"

"ಈ ಕಲ್ಲು ಇರ್ಲಿ, ಬೀಳೋದೇ ಇಲ್ಲ ನೀನು."

ಗುಂಡಿ ಡ್ರಾಯರು ಸೇರಿತು. ಅದು ಇದ್ದ ದಾರಕ್ಕೇ ಗ್ಲೆನಿಸ್ ಕೈಯಾರೆ ಕಲ್ಲು ಕಟ್ಟಿದಳು.

ಅದಾದ ಮೂರನೆಯ ಶುಕ್ರವಾರ ಮಧ್ಯಾಹ್ನ ಸಂತೆಯಿಂದ ಟೊಮೆಟೊ ತಂದು ಕೊಡಲು ಹೋದರೆ, ಡೋರೀನ್ ಅಡುಗೆಮನೆಯ ನೆಲದ ಮೇಲಿದ್ದಳು. ಬೆಳಗ್ಗೆ ಕೋಳಿಗೆ ಕಾಳು ಹಾಕಲು ಹೊರಟವಳು ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮುಷ್ಟಿಯಲ್ಲಿ ಕಲ್ಲು. ಗ್ಲೆನಿಸ್ ವ್ಯಾನಿಗೆ ಓಡಿ, ಬಿಸ್ಕತ್ತಿನ ಡಬ್ಬಿ ತೆರೆದು ಆಂಬುಲೆನ್ಸಿಗೆ ಫೋನು ಮಾಡಿದಳು.

ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಡೋರೀನ್ ನರ್ಸಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು: "ಇವಳು ಮೊಬೈಲು ಮುಟ್ಟೋಳೇ ಅಲ್ಲ ಕಣಮ್ಮ. ಪಾಪ, ಫೋನಿಗೋಸ್ಕರ ಎಷ್ಟು ದೂರ ಓಡಿದ್ಲೋ!"

ಗ್ಲೆನಿಸಳಿಗೆ ನಿಂತ ನೆಲ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು.

ನರ್ಸ್ ಅತ್ತ ಹೋದದ್ದೇ ಡೋರೀನ್ ದನಿ ತಗ್ಗಿಸಿದಳು. "ಯಾರಿಗೂ ಹೇಳ್ಬೇಡ, ನಗ್ತಾರೆ. ಮಂಪರಲ್ಲಿ ಆ ಕಲ್ಲನ್ನೇ ಗುಂಡಿ ಅನ್ಕೊಂಡುಬಿಟ್ಟೆ ಕಣೇ. ನೀನು ಬರೋವರೆಗೂ ಒತ್ತೇ ಒತ್ತಿದೆ. ಯಾಕೆ ಯಾರೂ ಬರ್ಲಿಲ್ಲ ಅಂತ ಅಳು ಬೇರೆ. ಎಂಥಾ ದಡ್ಡಿ ನಾನು!"

ತಾನು ಪಡಬೇಕಾದ ನಾಚಿಕೆಯನ್ನು ಈ ಮುದುಕಿ ಪಡುತ್ತಿದ್ದಾಳಲ್ಲ! ಗ್ಲೆನಿಸಳಿಗೆ ತಡೆಯಲಾಗಲಿಲ್ಲ. ಚೀಲದಿಂದ ಮೊಬೈಲು ತೆಗೆದು ಹಾಸಿಗೆಯ ಮೇಲಿಟ್ಟಳು.

"ದಡ್ಡಿ ನೀನಲ್ಲ, ಡೋರೀನ್. ನಾನು ದೂರ ಎಲ್ಲೂ ಓಡಿಲ್ಲ. ಇದು ನಂದೇ. ಐದು ವರ್ಷದಿಂದ ಇದೆ."

ಡೋರೀನ್ ಮೊಬೈಲು ನೋಡಿದಳು, ಅವಳ ಮುಖ ನೋಡಿದಳು. ಮೇಜಿನ ಮೇಲಿದ್ದ ಕಲ್ಲನ್ನು ದಾರದ ಸಮೇತ ಎತ್ತಿ ಗ್ಲೆನಿಸಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದಳು.

"ಒಂದ್ಸಲ ಒತ್ತಿ ನೋಡು," ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.