ಬನ್ನಿ ಮರಗಳ ನಡುವೆ ಒಂದು ಸೈಕಲ್ ದಾರಿ

ಆ ಎರಡು ಸೈಕಲ್ಲುಗಳು ಮರಳಿಗೆಂದು ಮಾಡಿದವಲ್ಲ, ಹಿಮಕ್ಕೆಂದು ಮಾಡಿದವು. ದುಬೈಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಕೆನಡಾದ ಹೆಂಗಸು ಊರಿಗೆ ವಾಪಸು ಹೊರಟಾಗ ತನ್ನದನ್ನೂ ಗಂಡನದ್ದನ್ನೂ ನನಗೆ ಕೊಟ್ಟುಹೋದಳು. ಮೋಟಾರು ಸೈಕಲ್ಲಿನದ್ದಕ್ಕಿಂತ ದಪ್ಪದ ಟಯರು. ಅವಳ ಮನೆಯ ಹಿಂದೆ ಕಾಡಂತೆ. ಮೊಣಕಾಲುದ್ದ ಹಿಮ ಬಿದ್ದಾಗ ಗಂಡ ಹೆಂಡತಿ ಮರಗಳ ನಡುವೆ ಓಡಾಡಿ ಹಿಮವನ್ನು ತುಳಿದು, ಹಿಂದಿನಿಂದ ಹಳೆಯ ಟಯರೊಂದನ್ನು ಎಳೆದು, ಒಂದು ರಾತ್ರಿ ಗಟ್ಟಿಯಾಗಲು ಬಿಟ್ಟು, ಮರುದಿನ ಅದರ ಮೇಲೆ ಸೈಕಲ್ ಬಿಡುತ್ತಿದ್ದರಂತೆ. "ನಿನ್ನ ಮನೆಯ ಹಿಂದೆಯೂ ಮರಗಳಿವೆಯಲ್ಲ. ಹಿಮದ ಬದಲು ಮರಳು, ಅಷ್ಟೇ," ಎಂದಳು.

ಮರಗಳಿದ್ದದ್ದು ನಿಜ. ನಾವು ಆಗಷ್ಟೇ ಪೇಟೆಯ ಅಂಚಿನ ಹೊಸ ಬಿಲ್ಡಿಂಗಿಗೆ ಬಂದಿದ್ದೆವು. ಕಾರು ನಿಲ್ಲಿಸುವ ಜಾಗದ ಹಿಂದಿನ ಗೋಡೆ ದಾಟಿದರೆ ಮರಳು, ಮರಳಿನಲ್ಲಿ ಒಂದು ತೋಪು. ಇಲ್ಲಿಯವರು ಗಾಫ್ ಎಂದು ಕರೆಯುವುದು ನಮ್ಮ ಬನ್ನಿ ಮರವನ್ನೇ ಎಂದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಬೇಸಿಗೆಯಲ್ಲಿ ಅತ್ತ ತಿರುಗಿಯೂ ನೋಡಲಾಗುವುದಿಲ್ಲ. ನವೆಂಬರ್ ಕಳೆದರೆ ಬೆಳಿಗ್ಗೆ ಸ್ವೆಟರ್ ಬೇಕಾಗುವಷ್ಟು ತಣ್ಣಗೆ.

ಎರಡನೆಯ ಸೈಕಲ್ಲಿಗೆ ಜನ ಬೇಕಿತ್ತು. ನನ್ನ ಗಂಡನಿಗೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಕೆಲಸ. ವಾರವಿಡೀ ಅಲ್ಲೇ ಇದ್ದು ರಜೆಗೆ ಮನೆಗೆ ಬಂದರೆ ಒಂಬತ್ತಕ್ಕೆ ಮುಂಚೆ ಏಳುವವರಲ್ಲ. ಹಾಗಾಗಿ ಕೆಳಗಿನ ಮಹಡಿಯ ಅಕ್ಕನನ್ನು ಕೇಳಿದೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಮಂಗಳೂರಿನ ಹತ್ತಿರದ ಬ್ಯಾರಿ ಹೆಂಗಸು, ನನಗಿಂತ ಐದು ವರ್ಷ ದೊಡ್ಡವಳು. ಅವಳ ಗಂಡನಿಗೆ ದುಬೈಯ ಹಳೆಯ ಬಡಾವಣೆ ಸತ್ವಾದಲ್ಲಿ ಟೈಲರ್ ಅಂಗಡಿ. ಇಲ್ಲಿಗೆ ಬರುವ ಮೊದಲು ಸತ್ವಾದ ಒಂದೇ ವಿಲ್ಲಾದಲ್ಲಿ, ಪ್ಲೈವುಡ್ ಗೋಡೆಯ ಆಚೆಗೆ ಅವರು ಈಚೆಗೆ ನಾವು, ಏಳು ವರ್ಷ ಇದ್ದವರು. ಅವರ ಮನೆಯ ಅಕ್ಕಿರೊಟ್ಟಿ ಪತ್ತಿರ್ ನಮಗೆ, ನಮ್ಮ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳು ಅವರಿಗೆ. ನಾನು ಅವಳನ್ನು ಅಕ್ಕ ಎಂದರೆ ಅವಳು ನನ್ನನ್ನು, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ, ಬಾಯಮ್ಮ ಎನ್ನುವಳು. ಅಷ್ಟು ವರ್ಷವಾದರೂ 'ನೀವು' ಬಿಟ್ಟು ಕರೆದವಳಲ್ಲ.

"ಐವತ್ತು ದಾಟಿದ ಮೇಲೆ ಬೀಳಲಿಕ್ಕೆ ಕಲಿಸ್ತೀರಾ ಬಾಯಮ್ಮ?" ಎಂದು ಕೇಳಿದಳು. ಅವಳು ಜೀವಮಾನದಲ್ಲಿ ಸೈಕಲ್ ಹತ್ತಿದವಳಲ್ಲ. ಅಣ್ಣಂದಿರು ಬಿಡುವಾಗ ಬಾಗಿಲಲ್ಲಿ ನಿಂತು ನೋಡಿದ್ದಷ್ಟೇ. ಮೂರು ವಾರ ಪಾರ್ಕಿಂಗಿನಲ್ಲಿ ಬಿದ್ದಳು, ನಾಲ್ಕನೆಯ ವಾರ ಬೀಳಲಿಲ್ಲ.

ದಾರಿ ಮಾಡಿದ್ದು ಇಬ್ಬರೂ ಸೇರಿ. ಒಣ ಮರಳಿನಲ್ಲಿ ಎಂಥ ಟಯರೂ ಹೂತುಹೋಗುತ್ತದೆ. ಆದರೆ ಚಳಿಗಾಲದ ಬೆಳಿಗ್ಗೆ ಇಬ್ಬನಿ ಬಿದ್ದು ಮರಳಿನ ಮೇಲ್ಪದರ ಒದ್ದೆಯಾಗಿರುತ್ತದೆ. ಬಿಸಿಲೇರುವ ಮೊದಲು ಅದನ್ನು ಒತ್ತಿಬಿಟ್ಟರೆ ರೊಟ್ಟಿಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ನಮ್ಮ ಹಳೆಯ ಕಾರ್ಪೆಟನ್ನು ಮಡಚಿ, ಮೇಲೆ ನಾಲ್ಕು ಸಿಮೆಂಟ್ ಇಟ್ಟಿಗೆ ಇಟ್ಟು, ಹಗ್ಗ ಕಟ್ಟಿ ಎಳೆದೆವು. ಮುಂದೆ ಅಕ್ಕ ನಡೆಯುವುದು, ಹಿಂದೆ ನಾನು ಎಳೆಯುವುದು. ಬೆನ್ನು ಹಿಡಿದಾಗ ಅದಲು ಬದಲು. ಎಲ್ಲಿ ತಿರುಗಬೇಕು ಎಂದು ಗೊತ್ತುಮಾಡುತ್ತಿದ್ದವಳು ಅವಳೇ. ಒಂಟೆಗಳು ನಡೆದ ಜಾಡು ನೋಡಿಕೊಂಡು, ಬನ್ನಿಯ ಬೇರು ಇರುವಲ್ಲಿ ಸುತ್ತು ಬಳಸಿ, ದಿಣ್ಣೆ ಬಂದಲ್ಲಿ ಬುಡದಲ್ಲೇ ಬಳಸಿಕೊಂಡು ಹೋಗುವ ದಾರಿ. ಫೆಬ್ರುವರಿಯ ಹೊತ್ತಿಗೆ ಸುಮಾರು ಎರಡು ಕಿಲೋಮೀಟರಿನ ಒಂದು ಸುತ್ತು ತಯಾರಾಯಿತು. ಮಾರ್ಚಿಯ ಗಾಳಿ ಎಲ್ಲವನ್ನೂ ಅಳಿಸಿತು. ಮುಂದಿನ ಚಳಿಗೆ ಮತ್ತೆ ಮಾಡಿದೆವು.

ತಪ್ಪು ನಡೆದದ್ದು ಆ ಎರಡನೆಯ ಚಳಿಯಲ್ಲಿ. ನನಗೆ ಧೈರ್ಯ ಬಂದಿತ್ತು. ತೋಪಿನ ಕೊನೆಯ ದಿಣ್ಣೆಯನ್ನು ಬಳಸುವ ಬದಲು ನೇರ ಹತ್ತಿ ಆಚೆ ಇಳಿಯಬೇಕು ಅನ್ನಿಸತೊಡಗಿತು.

"ಬೇಡ," ಎಂದಳು ಅಕ್ಕ. "ಮೇಲೆ ನಿಂತರೆ ಆಚೆ ಬುಡ ಕಾಣುವುದಿಲ್ಲ. ಕಾಣದಲ್ಲಿ ಇಳಿಯುವುದು ಎಂಥದಕ್ಕೆ?"

"ಒಂದೆರಡು ಸಲ ಹೋದರೆ ಅಭ್ಯಾಸ ಆಗ್ತದೆ ಅಕ್ಕ."

ನಾನು ಮೂರು ಬೆಳಿಗ್ಗೆ ಒಬ್ಬಳೇ ಹೋಗಿ ಕಾರ್ಪೆಟ್ ಎಳೆದು ದಿಣ್ಣೆಯ ಮೇಲಿನ ದಾರಿ ಮುಗಿಸಿದೆ. ಮೊದಲ ಸಲ ಇಳಿದವಳೇ ತಿರುಗಿ ಹತ್ತಿ ಮತ್ತೊಮ್ಮೆ ಇಳಿದೆ. ಅಕ್ಕನೂ ಇಳಿದಳು, ಬ್ರೇಕ್ ಬಿಗಿ ಹಿಡಿದು, ಬಾಯಲ್ಲಿ ಏನೋ ಓದಿಕೊಳ್ಳುತ್ತ.

ಹತ್ತು ದಿನದ ಮೇಲೆ ನಮ್ಮ ದಾರಿಯಲ್ಲಿ ಬೇರೆಯವರ ಗುರುತು ಕಂಡಿತು. ಕ್ವಾಡ್ ಬೈಕಿನದ್ದು, ಮರಳಿನಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ. ಹಲ್ಲು ಹಲ್ಲಿನ ಟಯರು ನಮ್ಮ ದಾರಿಯನ್ನು ಉತ್ತ ಗದ್ದೆಯ ಹಾಗೆ ಕಿತ್ತುಹಾಕಿತ್ತು. ನನಗೆ ಕೋಪ ಬಂತು. ಮತ್ತೆ ಎಳೆದು ಸರಿಮಾಡಿದೆವು. ಮರುವಾರ ಮತ್ತೆ ಕಿತ್ತಿದ್ದರು. ದಾರಿಗೆ ಅಡ್ಡ ಒಣ ಕೊಂಬೆಗಳನ್ನು ಹಾಕಿದೆ. ಕೊಂಬೆಗಳ ಮೇಲೆಯೇ ಹೋಗಿದ್ದರು. ಅಕ್ಕ ಮುರಿದ ಕೊಂಬೆಯೊಂದನ್ನು ಕೈಯಲ್ಲಿ ಹಿಡಿದು ನಿಂತಳು.

"ಇನ್ನು ಈ ವರ್ಷಕ್ಕೆ ಖಲಾಸ್ ಮಾಡುವ ಬಾಯಮ್ಮ. ಇವರ ಎದುರು ಸಿಕ್ಕಿದರೆ ನಾವೂ ಹೀಗೆಯೇ."

"ಅವರು ಬರುವುದು ಸಂಜೆ. ನಾವು ಬರುವುದು ಬೆಳಿಗ್ಗೆ," ಎಂದೆ ನಾನು. ಅದು ನನ್ನ ಊಹೆ. ಅವರನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಆ ಶನಿವಾರ ಎದ್ದಾಗ ಕಿಟಕಿಯ ಹೊರಗೆ ಎದುರಿನ ಬಿಲ್ಡಿಂಗೇ ಇರಲಿಲ್ಲ. ಜನವರಿಯಲ್ಲಿ ಕೆಲವು ದಿನ ಇಲ್ಲಿ ಅಂಥ ಮಂಜು. ಹೋಗಬಾರದಿತ್ತು. ಆದರೆ ವಾರವಿಡೀ ಲ್ಯಾಬಿನ ಬಿಳಿ ದೀಪದ ಕೆಳಗೆ ಕೂತವಳಿಗೆ ಅದೊಂದೇ ಬೆಳಿಗ್ಗೆ. ಅಕ್ಕನೂ ಗೋಡೆಯ ಹತ್ತಿರ ಬಂದು ನಿಂತಿದ್ದಳು, ಮಗನ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು.

ತೋಪಿನೊಳಗೆ ಮರಗಳು ಹತ್ತಿರ ಹೋದ ಮೇಲೇ ಕಾಣುತ್ತಿದ್ದವು. ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟಯರಿನ ಕೆಳಗೆ ಮರಳು ಗಟ್ಟಿ ಇದ್ದರೆ ದಾರಿಯಲ್ಲಿದ್ದೇವೆ, ಮೆತ್ತಗಾದರೆ ತಪ್ಪಿದ್ದೇವೆ. ಹಾಗೆ ನೋಡಿಕೊಂಡು ನಿಧಾನ ಹೋದೆವು. ದಿಣ್ಣೆಯ ನೆತ್ತಿ ತಲುಪುವಾಗ ನನ್ನ ಕನ್ನಡಕದ ಮೇಲೆಲ್ಲ ನೀರು. ಇಳಿದು ಒರೆಸತೊಡಗಿದೆ. ಅಕ್ಕ ಮುಂದೆ ನಿಂತು ಕೆಳಗೆ ನೋಡಿದಳು.

"ಏನೂ ಕಾಣುವುದಿಲ್ಲ."

"ದಾರಿ ಗೊತ್ತುಂಟಲ್ಲ ಅಕ್ಕ. ನೀವು ಹೋಗಿ, ನಾನು ಹಿಂದೆಯೇ ಬಂದೆ."

ಅವಳು ಹೋದಳು. ಕಿತ್ತಳೆ ಜಾಕೆಟ್ಟು ಮಂಜಿನಲ್ಲಿ ಕರಗಿತು. ಆಮೇಲೆ ಕಬ್ಬಿಣ ಬಿದ್ದ ಸದ್ದು, ಮತ್ತೊಂದು ಮೆತ್ತನೆಯ ಸದ್ದು. ಅವಳು ಕೂಗಲಿಲ್ಲ.

ಕ್ವಾಡ್‌ಗಳು ಕೆಳಗಿಳಿದು ವಾಪಸು ದಿಣ್ಣೆ ಹತ್ತಲು ಚಕ್ರ ತಿರುಗಿಸಿ ತಿರುಗಿಸಿ ಬುಡದಲ್ಲಿ ಮೊಣಕಾಲಾಳದ ಗುಂಡಿ ತೋಡಿದ್ದವು. ಮುಂದಿನ ಚಕ್ರ ಅದರೊಳಗೆ ಇಳಿದಿತ್ತು. ಅಕ್ಕ ಅದರಾಚೆ, ದಾರಿಯ ಮಧ್ಯದಲ್ಲೇ, ಬದಿಗೆ ಬಿದ್ದಿದ್ದಳು. ಎಡಗಾಲಿನ ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ಆಸ್ಪತ್ರೆಯಲ್ಲಿ ಇಷ್ಟು ವರ್ಷ ಇದ್ದವಳಿಗೆ ಅಷ್ಟು ನೋಡಿದರೆ ಸಾಕು, ತೊಡೆಯ ಮೂಳೆ. ಎಳೆಯಬಾರದು, ಎತ್ತಬಾರದು.

"ಏಳಲಿಕ್ಕೆ ಆಗುವುದಿಲ್ಲ," ಎಂದಳು ಸಣ್ಣ ಸ್ವರದಲ್ಲಿ.

"ಏಳಬೇಡಿ. ಅಲುಗಾಡಬೇಡಿ."

ಫೋನ್ ಮಾಡಿದೆ. ಆಂಬುಲೆನ್ಸಿನವರಿಗೆ ಜಾಗ ಕಳಿಸಿದೆ. ಗಾಡಿ ರಸ್ತೆಯ ಕೊನೆಯವರೆಗೆ ಬರುತ್ತದೆ, ಅಲ್ಲಿಂದ ಮರಳಿನಲ್ಲಿ ನಡೆದು ಬರಬೇಕು, ಮಂಜಿರುವುದರಿಂದ ತಡವಾಗಬಹುದು, ಎಂದರು. ಫೋನ್ ಜೇಬಿಗೆ ಹಾಕುವಾಗ ಕೇಳಿಸಿತು. ದೂರದಲ್ಲಿ ಇಂಜಿನ್ನು. ಒಂದಲ್ಲ, ಎರಡು ಮೂರು.

ಮಂಜಿನಲ್ಲಿ ಸದ್ದಿಗೆ ದಿಕ್ಕಿರುವುದಿಲ್ಲ. ಒಮ್ಮೆ ಬಲಗಡೆ, ಒಮ್ಮೆ ನೆತ್ತಿಯ ಮೇಲೆ. ಆದರೆ ಅವರು ಯಾವ ದಾರಿಯಲ್ಲಿ ಬರುತ್ತಾರೆಂದು ನನಗೆ ಗೊತ್ತಿತ್ತು. ತೋಪಿನಲ್ಲಿ ಗಟ್ಟಿ ನೆಲ ಇರುವುದು ಒಂದೇ ಕಡೆ. ಅದು ನೇರ ದಿಣ್ಣೆ ಹತ್ತಿ ಅಕ್ಕ ಬಿದ್ದಿರುವಲ್ಲಿಗೆ ಇಳಿಯುತ್ತದೆ. ನೆತ್ತಿಗೆ ಬಂದ ಮೇಲೆ ಯಾರಿಗೂ ನಿಲ್ಲಿಸಲಾಗುವುದಿಲ್ಲ.

ನಾನು ಅವಳ ಕಂಕುಳಿಗೆ ಕೈಹಾಕಿದೆ, ಸ್ವಲ್ಪ ಬದಿಗಾದರೂ ಸರಿಸೋಣವೆಂದು. ಅವಳ ಬಾಯಿಂದ ಬಂದ ಸದ್ದು ಕೇಳಿ ಕೈ ತೆಗೆದೆ.

"ಮೇಲೆ ಹೋಗು," ಎಂದಳು.

"ನಿಮ್ಮನ್ನು ಬಿಟ್ಟು ಹೇಗೆ."

"ಇಲ್ಲಿ ಕೂತು ನೀನು ಎಂಥ ಮಾಡ್ತಿ? ಹೋಗು. ಅವರನ್ನು ಅಲ್ಲೇ ನಿಲ್ಲಿಸು."

ಅವಳು 'ನೀನು' ಎಂದದ್ದು ನನಗೆ ಆಮೇಲೆ ನೆನಪಾಯಿತು. ಬೀಸಿ ತೋರಿಸಲು ಅವಳ ಕಿತ್ತಳೆ ಜಾಕೆಟ್ಟು ಬೇಕಿತ್ತು, ಆದರೆ ಬಿಚ್ಚಿಸಲು ಆಗುವಂತಿರಲಿಲ್ಲ. ಅವಳ ಸೈಕಲ್ಲಿನ ಕೆಂಪು ದೀಪ ಕಿತ್ತುಕೊಂಡು ದಿಣ್ಣೆ ಹತ್ತಿದೆ. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ. ನೆತ್ತಿಯಲ್ಲಿ ಬಿದ್ದಿದ್ದ ನನ್ನ ಸೈಕಲ್ಲನ್ನು ಈಚೆಯ ಇಳಿಜಾರಿನಲ್ಲಿ ಅರ್ಧದವರೆಗೆ ಎಳೆದು, ದಾರಿಗೆ ಅಡ್ಡ ಮಲಗಿಸಿ, ಅದರ ಬಿಳಿ ದೀಪ ಹೊತ್ತಿಸಿ, ಕೆಂಪು ದೀಪ ಕೈಯಲ್ಲಿ ಎತ್ತಿ ಹಿಡಿದು ಹಿಂದೆ ನಿಂತೆ. ಇಂಜಿನ್ ಸದ್ದು ಈಗ ಪಾದದ ಕೆಳಗೆ ಮರಳಿನಲ್ಲೇ ಗೊತ್ತಾಗುತ್ತಿತ್ತು. ಮೇರಿ ಮಾತೆಯ ಪ್ರಾರ್ಥನೆ ಅರ್ಧ ಹೇಳಿದೆ, ಉಳಿದರ್ಧ ನೆನಪಾಗಲಿಲ್ಲ.

ಮಂಜಿನೊಳಗೆ ಒಂದು ಹಳದಿ ಮಚ್ಚೆ ಮೂಡಿತು. ಮಚ್ಚೆ ಎರಡಾಯಿತು. ಮೊದಲಿನವನು ನನ್ನನ್ನು ಕಂಡದ್ದು ಹತ್ತು ಮಾರು ದೂರದಲ್ಲಿರಬೇಕು. ಗಾಡಿ ಎಡಕ್ಕೆ ಎಳೆದು ಮಗುಚುವಷ್ಟು ವಾಲಿ ನಿಂತ. ಅವನ ಚಕ್ರ ಎಸೆದ ಮರಳು ನನ್ನ ಮುಖಕ್ಕೆ ಬಡಿಯಿತು. ಎರಡನೆಯವನು ಅವನ ಹಿಂದೆ ನಿಂತ. ಮೂರನೆಯವನು ನಿಲ್ಲಲಿಲ್ಲ. ಇವರಿಬ್ಬರನ್ನು ತಪ್ಪಿಸಲು ಬಲಕ್ಕೆ ಹೊರಳಿ, ದಾರಿ ಬಿಟ್ಟು, ವೇಗದಲ್ಲೇ ದಿಣ್ಣೆ ಹತ್ತಿದ. ನಾನು ತಿರುಗುವುದರೊಳಗೆ ನೆತ್ತಿ ದಾಟಿ ಆಚೆ ಇಳಿದಿದ್ದ. ಇಂಜಿನ್ ಒಮ್ಮೆ ಜೋರಾಗಿ ಕೂಗಿ ನಿಂತುಹೋಯಿತು.

"ಅಕ್ಕಾ," ಎಂದು ಕರೆದೆ. ಮತ್ತೆ ಕರೆದೆ.

"ಇದ್ದೇನೆ," ಎಂದು ಕೇಳಿಸಿತು ಆಚೆಯಿಂದ. "ಬದಿಯಲ್ಲಿ ಹೋದ."

ನಾನು ಅಲ್ಲೇ ಮರಳಿನಲ್ಲಿ ಕೂತೆ.

ಮೊದಲನೆಯವನು ಹೆಲ್ಮೆಟ್ ತೆಗೆದ. ಮೂವತ್ತರ ಒಳಗಿನವನು, ಗಡ್ಡದ ಮೇಲೆ ಮಂಜಿನ ಹನಿ. ಯಾವ ದೇಶದವನೋ, ನಾನು ಕೇಳಲಿಲ್ಲ. ದಿಣ್ಣೆ ಹತ್ತಿ ಆಚೆ ನೋಡಿದವನೇ ತಲೆಯ ಮೇಲೆ ಕೈಯಿಟ್ಟ. ಆಮೇಲಿನದ್ದೆಲ್ಲ ಅವನೇ ಮಾಡಿದ. ರಸ್ತೆಯ ಕೊನೆಗೆ ಗಾಡಿ ಓಡಿಸಿಕೊಂಡು ಹೋಗಿ ಆಂಬುಲೆನ್ಸಿನವನನ್ನು ಬೆನ್ನ ಹಿಂದೆ ಕೂರಿಸಿಕೊಂಡು ಬಂದ. ಉಳಿದಿಬ್ಬರು ಜಾಕೆಟ್ಟು ಬಿಚ್ಚಿ ಅಕ್ಕನಿಗೆ ಹೊದಿಸಿದರು. ಸ್ಟ್ರೆಚರನ್ನು ಆ ಮರಳಿನಲ್ಲಿ ಎತ್ತಿಕೊಂಡು ಹೋದದ್ದೂ ಅವರೇ, "ಯಲ್ಲಾ, ಯಲ್ಲಾ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ, ಮೂರು ಸಲ ನಿಂತು. ಆಂಬುಲೆನ್ಸಿನ ಬಾಗಿಲು ಮುಚ್ಚುವ ಮೊದಲು ಗಡ್ಡದವನು ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಹೇಳಿದ: "ಅಷ್ಟು ಚೆನ್ನಾಗಿ ಒತ್ತಿದ್ದ ದಾರಿ. ಯಾರೋ ನಮಗಾಗಿಯೇ ಮಾಡಿದ್ದು ಅಂದುಕೊಂಡಿದ್ದೆವು." ನಾನು ಆಂಬುಲೆನ್ಸ್ ಹತ್ತಿದೆ.

ಅಕ್ಕನ ತೊಡೆಗೆ ರಾಡ್ ಹಾಕಿದರು. ಆಪರೇಷನ್ ಮುಗಿದ ಮರುದಿನ ಅವಳ ಗಂಡ ಮಂಚದ ಪಕ್ಕದಲ್ಲಿ ಕೂತಿದ್ದರು. ಹೆಚ್ಚು ಮಾತಾಡುವವರಲ್ಲ. ನಾನು ಒಳಗೆ ಹೋದಾಗ ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತರು.

"ಆ ದಿಣ್ಣೆಯ ಮೇಲಿನ ದಾರಿ ಯಾರು ಮಾಡಿದ್ದು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ಇಬ್ಬರೂ ಸೇರಿ ಮಾಡಿದ್ದು."

ನಾನು ಅದನ್ನು ತಿದ್ದಲಿಲ್ಲ. ಆ ವಾರ ಲ್ಯಾಬಿನಲ್ಲಿ ಒಂದೇ ಸ್ಯಾಂಪಲ್ಲಿಗೆ ಎರಡು ಸಲ ಲೇಬಲ್ ಅಂಟಿಸಿದೆ. ಐದನೆಯ ದಿನ ಬಸ್ಸು ಹಿಡಿದು ಸತ್ವಾಕ್ಕೆ ಹೋದೆ. ಅಂಗಡಿಯಲ್ಲಿ ಅವರೊಬ್ಬರೇ ಇದ್ದರು, ಯಾರದೋ ಕಂದೂರಕ್ಕೆ, ಅರಬರ ಉದ್ದನೆಯ ನಿಲುವಂಗಿಗೆ, ಕಾಲರ್ ಹೊಲಿಯುತ್ತಿದ್ದರು.

"ಭಾವ, ಆ ದಾರಿ ಮಾಡಿದ್ದು ನಾನೊಬ್ಬಳೇ. ಅಕ್ಕ ಬೇಡ ಅಂದಿದ್ದಳು."

ಮೆಷಿನ್ ನಿಲ್ಲಲಿಲ್ಲ. ಕಾಲರಿನ ಕೊನೆಯವರೆಗೂ ಹೊಲಿದು, ನೂಲು ಕತ್ತರಿಸಿ, ಆಮೇಲೆ ತಲೆ ಎತ್ತಿದರು. "ಗೊತ್ತುಂಟು. ನೀವು ಮಾಡಿದ ದಿನವೇ ಮನೆಗೆ ಬಂದು ಹೇಳಿದ್ದಳು."

"ಮತ್ತೆ ಆಸ್ಪತ್ರೆಯಲ್ಲಿ ಕೇಳಿದ್ದು?"

"ನೀವು ಹೇಳ್ತೀರೋ ಅಂತ." ಬಟ್ಟೆ ಮಡಚಿಟ್ಟರು. "ಈಗ ಹೇಳಿದಿರಲ್ಲ. ಆದರೆ ಆಸ್ಪತ್ರೆಯಲ್ಲಿ ಅವಳು ಹೇಳಿದ್ದು ಇಬ್ಬರೂ ಮಾಡಿದ್ದು ಅಂತ. ಅವಳ ಎದುರು ಅದು ಹಾಗೇ ಇರಲಿ." ನನ್ನನ್ನು ಕೂರಿಸಿ ಪಕ್ಕದ ಕೆಫೆಟೇರಿಯಾದಿಂದ ಚಹಾ ತರಿಸಿದರು. ಕ್ಷಮಿಸಿದರೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು.

ದಿಣ್ಣೆಯ ದಾರಿಯನ್ನು ಕೆಡಿಸಲು ಒಮ್ಮೆ ಗುದ್ದಲಿ ಹಿಡಿದು ಹೋದೆ. ಮಾಡುವಷ್ಟೇ ಕಷ್ಟ ಕೆಡಿಸುವುದು. ಕೈ ಬೊಬ್ಬೆ ಬಂದು ಅರ್ಧಕ್ಕೆ ಬಿಟ್ಟೆ. ಎರಡು ವಾರದ ಮೇಲೆ ಗಾಳಿ ಎದ್ದು ಉಳಿದ ಕೆಲಸ ಮುಗಿಸಿತು.

ಅಕ್ಕ ಮಾರ್ಚಿಯಲ್ಲಿ ವಾಕರ್ ಹಿಡಿದು ಎದ್ದಳು, ಬೇಸಿಗೆಯಲ್ಲಿ ಕೋಲು ಹಿಡಿದು, ಅಕ್ಟೋಬರಿನಲ್ಲಿ ಕೋಲು ಬಿಟ್ಟು. ಎಡಗಾಲು ಕೂದಲೆಳೆಯಷ್ಟು ಗಿಡ್ಡ ಎಂದು ಅವಳ ದೂರು, ಡಾಕ್ಟರು ಒಪ್ಪುವುದಿಲ್ಲ. ಬಿದ್ದ ವಿಷಯವನ್ನು ನಾವಿಬ್ಬರೂ ಎತ್ತಲಿಲ್ಲ. ಒಮ್ಮೆ ನಾನು ಶುರುಮಾಡಿದಾಗ ಅವಳು ಈರುಳ್ಳಿ ಹೆಚ್ಚುತ್ತಿದ್ದವಳು, "ಆ ಪಾತ್ರೆ ಇತ್ತ ಕೊಡಿ ಬಾಯಮ್ಮ," ಎಂದಳು. ಮತ್ತೆ 'ನೀವು'.

ಕಳೆದ ತಿಂಗಳು ಒಂದು ಸಂಜೆ ಅವಳೇ ಕೆಳಗೆ ಕರೆದಳು. ಪಾರ್ಕಿಂಗಿನಲ್ಲಿ ಅವಳ ಸೈಕಲ್ ಹೊರಗೆ ತೆಗೆದಿತ್ತು, ಟಯರಿಗೆ ಗಾಳಿ ಹಾಕಿತ್ತು. ಅವಳ ಗಂಡ ಸೀಟಿನ ಹಿಂದೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದರು, ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ಹಾಗೇ.

"ಬಿಡಿ, ನನಗೆ ಬರ್ತದೆ," ಎಂದಳು ಅಕ್ಕ, ಸೀಟಿನ ಮೇಲೆ ಕೂತು.

"ಬರಲಿ," ಎಂದರು ಅವರು. ಕೈ ಬಿಡಲಿಲ್ಲ. ನಾನು ಹ್ಯಾಂಡಲಿನ ಬದಿ ಹಿಡಿದೆ. ನಿಂತ ಕಾರುಗಳ ನಡುವೆ ಮೂವರೂ ನಿಧಾನ ಒಂದು ಸುತ್ತು ಹೊರಟೆವು.